ಗಾನಕೋಗಿಲೆ ಬೇಡ
ಶಿಕಾರಿಪುರ, ಸೊರಬದ ವೇದಿಕೆಗಳಲ್ಲಿ ಗಾಯಕಿ ಮೈಕಿನ ಮುಂದೆ ಬಂದರೆ ಸಾಕು, ನಿರೂಪಕರು 'ಗಾನಕೋಗಿಲೆ' ಎಂದುಬಿಡುತ್ತಾರೆ. ಈ ಹೊಗಳಿಕೆಗೆ ನನ್ನ ವಿರೋಧವಿದೆ. ಕುಹೂ ಎನ್ನುವುದು ಗಂಡು ಕೋಗಿಲೆ ಎಂಬುದು ಹಾಗಿರಲಿ. ಹೆಣ್ಣಿನ ಹಾಡೆಂದರೆ ಬರೀ ಇಂಪು, ಅದೂ ಹುಟ್ಟಿನಿಂದ ಬಂದದ್ದು ಎಂಬ ಉಡಾಫೆ ಅದರಲ್ಲಿದೆ.

1913ರಲ್ಲಿ ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್, ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿ ಸವಾಯಿ ಗಂಧರ್ವರಲ್ಲಿ ಕಲಿತರು. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ಗಡುಸಾಯಿತು. ಆ ದನಿಯಲ್ಲೇ ಖಯಾಲ್ ಹಾಡಿ 2002ರಲ್ಲಿ ಪದ್ಮವಿಭೂಷಣ ಪಡೆದರು. ಅವರನ್ನು ಯಾವ ಬಾಯಲ್ಲಿ ಕೋಗಿಲೆ ಎನ್ನುತ್ತೀರಿ?

ನಮ್ಮ ಉಡುತಡಿಯ ಅಕ್ಕನನ್ನು ನಾವು ನೆನೆಯುವುದು ಇಂಪಿಗಲ್ಲ, ಮಾತಿನ ಗಟ್ಟಿತನಕ್ಕೆ. ಗಾಯಕಿಯರಿಗೂ ಅದೇ ನ್ಯಾಯ ಸಲ್ಲಲಿ. ವೇದಿಕೆಗೆ ಕರೆಯುವಾಗ ಅವರ ಗುರು ಯಾರು, ಎಷ್ಟು ವರ್ಷ ಕಲಿತರು ಎಂಬುದನ್ನು ಹೇಳಿ. ಹಕ್ಕಿಯನ್ನು ಮರದಲ್ಲೇ ಬಿಡಿ.