ಸಿಂಗಪುರದ “ಲಾ”ಕಾರ

ಸಿಂಗಪುರದ ಪೇಟೆಯಲ್ಲಿ ಗಿರಾಕಿಯು ಬೆಲೆಯನ್ನು ಕೊಂಚ ಇಳಿಸಲಾದೀತೇ ಎಂದು ಕೇಳಿದರೆ, ಅಂಗಡಿಯವನು “ಕ್ಯಾನ್ ಲಾ” ಎನ್ನುವನು. “ಆಗುವುದು, ಚಿಂತೆಯೇಕೆ?” ಎಂಬ ಅಭಯವು ಆ ಒಂದು “ಲಾ”ಕಾರದಲ್ಲಿ ಅಡಗಿದೆ. ಅದೇ “ಕ್ಯಾನ್” ಶಬ್ದಕ್ಕೆ “ಮೆ” ಸೇರಿದರೆ, ನಿಜವಾಗಿಯೂ ಆದೀತೇ ಎಂಬ ಸಂಶಯ. “ಲೋರ್” ಸೇರಿದರೆ, ಬೇರೆ ಗತಿಯಿಲ್ಲ, ಆಗಲಿ ಎಂಬ ಅರೆಮನಸ್ಸಿನ ಒಪ್ಪಿಗೆ. “ಹೋರ್” ಸೇರಿದರೆ, ಆಗುವುದು ತಾನೆ ಎಂಬ ಪ್ರಶ್ನೆ. ಒಂದರ ಸ್ಥಾನದಲ್ಲಿ ಮತ್ತೊಂದನ್ನಿಟ್ಟರೆ ಅಲ್ಲಿಯ ಹುಡುಗರ ಕಿವಿಗೂ ಅದು ತಪ್ಪೆಂದೇ ಕೇಳಿಸುವುದು. ನಮ್ಮ “ತಾನೆ”, “ಅಂತೆ”ಗಳನ್ನು ನಿತ್ಯವೂ ಬಳಸುವ ವಾಚಕರಿಗೆ ಇದು ಸೋಜಿಗವೆನಿಸಲಾರದು. ಸಿಂಗ್ಲಿಷ್ ಎಂದು ಹೆಸರಾದ ಈ ಆಡುಮಾತನ್ನು ಕೆಟ್ಟ ಇಂಗ್ಲಿಷೆಂದು ತಳ್ಳಿಹಾಕುವವರು ಅದರ ನಿಯಮಗಳಿಗೆ ಕಿವಿಗೊಟ್ಟವರಲ್ಲವೆಂದೇ ನಾವು ಹೇಳಬೇಕಾಗಿದೆ.

ಇದರ ಶಬ್ದಭಂಡಾರಕ್ಕೆ ಆ ಊರಿನ ಎಲ್ಲ ಜನಾಂಗಗಳೂ ಕಾಣಿಕೆಯಿತ್ತಿವೆ. ಊಟಕ್ಕೆ ಮಲಯ ಭಾಷೆಯ “ಮಕಾನ್”. ಎಲ್ಲಿ ಹಿಂದೆ ಬಿದ್ದೇನೋ ಎಂಬ ಭಯದಿಂದ ಎಲ್ಲೆಡೆಯೂ ಮುನ್ನುಗ್ಗುವವನಿಗೆ ಹೊಕ್ಕಿಯೆನ್ ಚೀಣೀಯರ “ಕಿಯಾಸು”. ದಡ್ಡನಿಗೆ ತಮಿಳಿನಿಂದ ಬಂದ “ಗೂಂಡು”, ನಮ್ಮ ಗುಂಡಿನ ದಾಯಾದಿ!

ಅಲ್ಲಿಯ ಸರ್ಕಾರದವರ ಆತಂಕವು ನಿರಾಧಾರವಾದುದೆಂದು ನಾವು ಹೇಳೆವು. ವ್ಯಾಪಾರದಿಂದ ಬಾಳುವ ಪುಟ್ಟ ರಾಷ್ಟ್ರಕ್ಕೆ ಪರರಿಗೂ ತಿಳಿಯುವ ಇಂಗ್ಲಿಷು ಅವಶ್ಯಕವೇ ಸರಿ. 1999ರಲ್ಲಿ ಪ್ರಧಾನಿ ಗೋ ಚೋಕ್ ಟಾಂಗರು ದೂರದರ್ಶನದ ಹಾಸ್ಯಪಾತ್ರವಾದ ಫುವಾ ಚು ಕಾಂಗನ ಸಿಂಗ್ಲಿಷನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಮರುವರ್ಷವೇ ಒಳ್ಳೆಯ ಇಂಗ್ಲಿಷಿಗಾಗಿ ಆಂದೋಲನವು ಆರಂಭವಾಯಿತು. ಆದರೆ 2003ರಲ್ಲಿ ಸಾರ್ಸ್ ರೋಗವು ಹಬ್ಬಿದಾಗ, ಕೈ ತೊಳೆಯಿರಿ, ಜಾಗರೂಕರಾಗಿರಿ ಎಂದು ಹಾಡಿ ಜನರನ್ನು ಎಚ್ಚರಿಸಿದವನು ಯಾರು? ಅದೇ ಫುವಾ! ಆಪತ್ತಿನಲ್ಲಿ ಬೇಕಾದ ಮಾತು ಆಪತ್ತು ಕಳೆದ ಮೇಲೆ ಅಸಹ್ಯವಾಗುವುದು ಹೇಗೆ?

ಶಾಲೆಗಳಲ್ಲಿ ಶಿಷ್ಟವಾದ ಇಂಗ್ಲಿಷನ್ನು ಕಲಿಸಲಿ, ಕಚೇರಿಗಳಲ್ಲಿ ಅದನ್ನೇ ಅಪೇಕ್ಷಿಸಲಿ. ಆಟದ ಬಯಲಿನಲ್ಲಿ “ಲಾ” ಎಂದ ಬಾಲಕನನ್ನು ನಾಚಿಸುವ ಕೆಲಸ ಮಾತ್ರ ಬೇಡ. ಹೊಕ್ಕಿಯೆನ್ ಮೊದಲಾದ ಮನೆಮಾತುಗಳನ್ನು ಬಿಟ್ಟು ಮ್ಯಾಂಡರಿನ್ ಆಡಿರೆಂದು 1979ರಿಂದ ಸರ್ಕಾರವೇ ಪ್ರಚಾರ ಮಾಡಿತು. ಜನರೂ ಬಹುಮಟ್ಟಿಗೆ ಹಾಗೆಯೇ ಮಾಡಿದರು. ಅಂತಹ ಎಷ್ಟೋ ಮನೆಗಳ ಮೊಮ್ಮಕ್ಕಳ ಬಾಯಲ್ಲಿ ಇಂದು ಅಜ್ಜಿಯ ಭಾಷೆಯ ನಾಲ್ಕಾರು ಶಬ್ದಗಳು ಉಳಿದಿದ್ದರೆ, ಅವು ಈ ಸಿಂಗ್ಲಿಷಿನಲ್ಲಿಯೇ ಉಳಿದಿವೆ.