ಮೊದಲ ಸರದಿಯೋ, ಪಳಗಿದ ಕೈಯೋ?

ಅಮೆರಿಕದವರು ಫುಟ್‌ಬಾಲ್ ಎನ್ನುವುದು ನಮ್ಮ ಕಾಲ್ಚೆಂಡಾಟವಲ್ಲ. ಎರಡು ತುದಿ ಚೂಪಾದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಕೆಡವುವ ಆಟ ಅದು. ಅಲ್ಲಿನ ರಾಷ್ಟ್ರೀಯ ಲೀಗ್‌ನಲ್ಲಿ 1936ರಿಂದಲೂ ಒಂದು ಸ್ವಾರಸ್ಯದ ಪದ್ಧತಿ ಇದೆ. ಅದಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಕಾಲೇಜುಗಳಿಂದ ಹೊರಬರುವ ಹೊಸ ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಋತುವಿನಲ್ಲಿ ಎಲ್ಲರಿಗಿಂತ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಪ್ರಶಸ್ತಿ ಗೆದ್ದ ತಂಡಕ್ಕೆ ಕೊನೆಯದು. ತಕ್ಕಡಿಯ ಹಗುರ ತಟ್ಟೆಗೆ ತೂಕ ಹಾಕಿದ ಹಾಗೆ.

ಹಾಗಾದರೆ ಗೆಲ್ಲುವ ತಂಡ ಕಟ್ಟುವುದು ಹೇಗೆ? ಎಳೆಯರನ್ನು ತಂದು ಬೆಳೆಸುವುದೋ, ಪಳಗಿದವರನ್ನು ನೆಚ್ಚುವುದೋ?

1969ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಚಕ್ ನಾಲ್ ತರಬೇತುದಾರರಾಗಿ ಬಂದರು. ಆ ವರ್ಷ ಆಡಿದ 14 ಪಂದ್ಯಗಳಲ್ಲಿ ಗೆದ್ದದ್ದು ಒಂದೇ ಒಂದು. ನಾಲ್ ಎದೆಗುಂದಲಿಲ್ಲ, ತಂಡದ ಮಾಲೀಕರೂ ಅವರನ್ನು ಕಳುಹಿಸಿಬಿಡಲಿಲ್ಲ. ವರ್ಷವರ್ಷವೂ ಎಳೆಯರನ್ನು ಆರಿಸಿ, ಆಟದ ಮೂಲಪಾಠಗಳನ್ನು ಮತ್ತೆಮತ್ತೆ ಕಲಿಸಿದರು. 1974ರ ಒಂದೇ ಡ್ರಾಫ್ಟ್‌ನಲ್ಲಿ ಆರಿಸಿದವರ ಪೈಕಿ ನಾಲ್ವರು ಮುಂದೆ ಈ ಆಟದ ಗೌರವ ಪಟ್ಟಿಗೆ ಸೇರಿದರು. 1975ರ ಜನವರಿಯಿಂದ 1980ರ ಜನವರಿಯೊಳಗೆ ತಂಡ ನಾಲ್ಕು ಬಾರಿ ಸೂಪರ್ ಬೌಲ್ ಗೆದ್ದಿತು. ಮೊದಲ ಫಲಕ್ಕೆ ಆರು ಋತುಗಳು ಕಾಯಬೇಕಾಯಿತು.

ವಾಷಿಂಗ್ಟನ್ ತಂಡಕ್ಕೆ 1971ರಲ್ಲಿ ಬಂದ ಜಾರ್ಜ್ ಆಲನ್ ಅವರದು ಇದಕ್ಕೆ ತದ್ವಿರುದ್ಧ ದಾರಿ. ಅವರು ಡ್ರಾಫ್ಟ್ ಸರದಿಗಳನ್ನು ಬೇರೆ ತಂಡಗಳಿಗೆ ಕೊಟ್ಟು, ಬದಲಿಗೆ ಹಳಬರನ್ನು ಕರೆತಂದರು. ವಯಸ್ಸು ಮೀರಿದವರ ಗುಂಪು ಎಂದು ಜನ ತಮಾಷೆ ಮಾಡಿದರು. ಆದರೆ ಆಲನ್ ಇದ್ದ ಏಳು ಋತುಗಳಲ್ಲಿ ಒಮ್ಮೆಯೂ ಸೋಲು ಗೆಲುವಿಗಿಂತ ಹೆಚ್ಚಾಗಲಿಲ್ಲ. ತಂಡ 1973ರ ಜನವರಿಯಲ್ಲಿ ಸೂಪರ್ ಬೌಲ್‌ವರೆಗೂ ಹೋಗಿ, ಮಯಾಮಿಗೆ 14–7ರಿಂದ ಸೋತಿತು. ಫಲ ಬೇಗ ಬಂತು. ಕಿರೀಟ ಮಾತ್ರ ಸಿಗಲಿಲ್ಲ.

ಇಷ್ಟಕ್ಕೇ ಎಳೆಯರ ದಾರಿಯೇ ಸರಿ ಎಂದು ತೀರ್ಪು ಕೊಡುವಂತಿಲ್ಲ. 1971ರ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಜಿಮ್ ಪ್ಲಂಕೆಟ್. ಗಾಯ, ಸೋಲುಗಳಿಂದ ಬಳಲಿದ ಅವರನ್ನು 1978ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಕೈಬಿಟ್ಟಿತು. ಓಕ್ಲೆಂಡ್ ತಂಡ ಸೇರಿಸಿಕೊಂಡಿತಾದರೂ ಅವರು ಬಹುಪಾಲು ಬೆಂಚಿನ ಮೇಲೇ ಕುಳಿತಿದ್ದರು. 1980ರಲ್ಲಿ ಅವರ ಸ್ಥಾನದಲ್ಲಿ ಆಡುತ್ತಿದ್ದವರ ಕಾಲು ಮುರಿದು ಅವಕಾಶ ಬಂತು. 1981ರ ಜನವರಿಯಲ್ಲಿ, 33ನೇ ವಯಸ್ಸಿನಲ್ಲಿ, ಪ್ಲಂಕೆಟ್ ಸೂಪರ್ ಬೌಲ್ ಗೆದ್ದು ಪಂದ್ಯಶ್ರೇಷ್ಠರೂ ಆದರು.

ಇನ್ನೊಬ್ಬರು ಟಾಮ್ ಬ್ರೇಡಿ. ಡ್ರಾಫ್ಟ್‌ಗೆ ಮುನ್ನ ಆಟಗಾರರ ಎತ್ತರ, ಜಿಗಿತ, 40 ಗಜ ಓಡುವ ವೇಗ ಎಲ್ಲವನ್ನೂ ಅಳೆಯುತ್ತಾರೆ. ಬ್ರೇಡಿಗೆ 40 ಗಜ ಓಡಲು 5 ಸೆಕೆಂಡಿಗೂ ಹೆಚ್ಚು ಬೇಕಾಯಿತು. 2000ದ ಡ್ರಾಫ್ಟ್‌ನಲ್ಲಿ ಅವರ ಹೆಸರು ಬಂದದ್ದು 199ನೆಯದಾಗಿ. ಅವರು ನ್ಯೂ ಇಂಗ್ಲೆಂಡ್ ತಂಡದಲ್ಲಿ ಬೆಳೆದು ಆರು ಸೂಪರ್ ಬೌಲ್ ಗೆದ್ದರು. ಏಳನೆಯದನ್ನು 2021ರ ಫೆಬ್ರವರಿಯಲ್ಲಿ, 43ನೇ ವಯಸ್ಸಿನಲ್ಲಿ, ಟ್ಯಾಂಪಾ ಬೇ ತಂಡಕ್ಕೆ ಗೆದ್ದುಕೊಟ್ಟರು. ಒಂದು ತಂಡಕ್ಕೆ ಅವರು ಎಳೆಯ ಸಸಿ, ಇನ್ನೊಂದಕ್ಕೆ ಪಳಗಿದ ಕೈ.

ಗಡಿಯಾರ ಓಟದ ವೇಗವನ್ನು ಸರಿಯಾಗಿಯೇ ಅಳೆದಿತ್ತು. ಆದರೆ ಒತ್ತಡದಲ್ಲೂ ತಲೆ ತಣ್ಣಗಿರಿಸಿಕೊಳ್ಳುವ ಗುಣವನ್ನು ಅಳೆಯುವ ಗಡಿಯಾರ ಅಲ್ಲಿರಲಿಲ್ಲ. ಅಳತೆ ತಪ್ಪಲಿಲ್ಲ, ಅಳೆದದ್ದೇ ಎಲ್ಲ ಎಂದುಕೊಂಡವರು ತಪ್ಪಿದರು.

ಪರೀಕ್ಷೆಯ ಫಲಿತಾಂಶ ಬಂದ ದಿನ ಅಂಕಪಟ್ಟಿ ಹಿಡಿದು ಮಗನನ್ನೋ ಮಗಳನ್ನೋ ನೆರೆಮನೆಯ ಮಕ್ಕಳೊಂದಿಗೆ ಹೋಲಿಸುವ ತಂದೆತಾಯಿಗಳು ಈ 199ನೆಯ ಹೆಸರನ್ನು ಒಮ್ಮೆ ನೆನೆಯುವುದು ಒಳ್ಳೆಯದು. ಮೊದಲ ಸ್ಥಾನ ಪಡೆದ ಮಕ್ಕಳಿಗೆ ಪ್ಲಂಕೆಟ್ ಕಥೆಯೂ ಗೊತ್ತಿರಲಿ. ಸರದಿ ಯಾವುದೇ ಇರಲಿ, ಕಲಿಕೆ ಶುರುವಾಗುವುದು ಅದರ ಮಾರನೆಯ ದಿನದಿಂದ.