ಹಗುರವಾದರೆ ಸಾಕೇ?

2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆ ‘ನಿರ್ಭೀಕ್’ ಎಂಬ ರಿವಾಲ್ವರ್ ಬಿಡುಗಡೆ ಮಾಡಿತು. ದೆಹಲಿಯ ನಿರ್ಭಯಾ ಪ್ರಕರಣ ನಡೆದು ಆಗಷ್ಟೇ ಒಂದು ವರ್ಷ ಕಳೆದಿತ್ತು. ಮಹಿಳೆಯರಿಗಾಗಿಯೇ ತಯಾರಾದದ್ದು, ತೂಕ ಸುಮಾರು ಅರ್ಧ ಕೆ.ಜಿ., ಕೈಚೀಲದಲ್ಲಿ ಹಿಡಿಸುತ್ತದೆ ಎಂಬ ಪ್ರಚಾರವೂ ಸಿಕ್ಕಿತು. ಒಡವೆ ಪೆಟ್ಟಿಗೆಯಂಥ ಪೆಟ್ಟಿಗೆ ಬೇರೆ. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಬೆಲೆಯ ಮಾತು ಹಾಗಿರಲಿ. ಕೈಯಲ್ಲಿ ಬಲ ಕಡಿಮೆ ಇರುವವರಿಗೆ ಹಗುರವಾದ ಆಯುಧವೇ ಸುಲಭ ಎಂದು ಹೇಳಿದವರು ಯಾರು?

ಪಿಯುಸಿಯಲ್ಲಿ ಓದಿದ ನ್ಯೂಟನ್ನನ ಮೂರನೇ ನಿಯಮ ನೆನಪಿಸಿಕೊಳ್ಳಿ. ಗುಂಡು ಮುಂದಕ್ಕೆ ಹಾರಿದರೆ ಆಯುಧ ಹಿಂದಕ್ಕೆ ಒದೆಯುತ್ತದೆ. ಗುಂಡು ಅದೇ ಆಗಿದ್ದು ಆಯುಧ ಹಗುರವಾದಷ್ಟೂ ಒದೆತ ಜೋರು. ಟ್ರಿಗರ್‌ನದು ಇನ್ನೊಂದು ಕಥೆ. ರಿವಾಲ್ವರ್‌ನ ಸುತ್ತಿಗೆಯನ್ನು ಹೆಬ್ಬೆರಳಿನಿಂದ ಮೊದಲೇ ಹಿಂದಕ್ಕೆ ಎಳೆದಿಡದಿದ್ದರೆ, ಟ್ರಿಗರ್ ಒತ್ತುವ ಒಂದೇ ಬೆರಳು ಸುತ್ತಿಗೆಯನ್ನೂ ಎತ್ತಬೇಕು, ಗುಂಡುಗಳ ಗಾಲಿಯನ್ನೂ ತಿರುಗಿಸಬೇಕು. ಇದಕ್ಕೆ ಸಾಮಾನ್ಯವಾಗಿ ನಾಲ್ಕೈದು ಕೆ.ಜಿ.ಯಷ್ಟು ಬಲ ಬೇಕು. ಆಯುಧ ಅರ್ಧ ಕೆ.ಜಿ., ಎಳೆತ ಅದರ ಎಂಟು ಹತ್ತು ಪಟ್ಟು! ಬೆರಳು ನಡುಗಿದರೆ ಗುರಿ ತಪ್ಪುತ್ತದೆ, ಗುಂಡು ಇನ್ಯಾರಿಗೋ ತಗಲಬಹುದು.

ಪಿಸ್ತೂಲಿನಲ್ಲಿ ತೊಂದರೆ ಬೇರೆ. ಮೊದಲ ಗುಂಡು ಏರಿಸಲು ಮೇಲಿನ ಸ್ಲೈಡನ್ನು ಬಲವಾಗಿ ಹಿಂದಕ್ಕೆ ಎಳೆಯಬೇಕು. ಸಂಧಿವಾತ ಇರುವವರಿಗೆ ಇದೇ ದೊಡ್ಡ ಅಡ್ಡಿ. ಅಮೆರಿಕದ ಸ್ಮಿತ್ ಅಂಡ್ ವೆಸನ್ ಕಂಪನಿ 2018ರಲ್ಲಿ ತಂದ ‘ಶೀಲ್ಡ್ ಈಝಡ್’ ಪಿಸ್ತೂಲಿನಲ್ಲಿ ಸ್ಲೈಡ್ ಎಳೆಯುವ, ಗುಂಡು ತುಂಬುವ ಶ್ರಮವನ್ನೇ ಕಡಿಮೆ ಮಾಡಲಾಯಿತು. ಕೈ ಎಲ್ಲಿ ಸೋಲುತ್ತದೆ ಎಂದು ನೋಡಿ ಅಲ್ಲಿ ಬದಲಾವಣೆ ಮಾಡುವುದು ಎಂದರೆ ಇದು.

ಕ್ರೀಡೆ ಈ ಪಾಠವನ್ನು ಮೊದಲೇ ಕಲಿತಿದೆ. ಹತ್ತು ಮೀಟರ್ ಏರ್ ಪಿಸ್ತೂಲು ಒಂದೂವರೆ ಕೆ.ಜಿ.ವರೆಗೆ ತೂಗಬಹುದು, ಆದರೆ ಅದರ ಟ್ರಿಗರ್‌ಗೆ 500 ಗ್ರಾಂ ಒತ್ತಡ ಸಾಕು. ಮರದ ಹಿಡಿಯನ್ನು ಶೂಟರ್‌ನ ಅಂಗೈಗೆ ತಕ್ಕಂತೆ ಉಜ್ಜಿ, ತುಂಬಿ ಹೊಂದಿಸುತ್ತಾರೆ. ಅದು ಮಣಿಕಟ್ಟಿಗೆ ಆಸರೆ ಕೊಡುವಂತಿಲ್ಲ ಎಂಬ ನಿಯಮವೂ ಇದೆ. ಅಂದರೆ ಹೊಂದಾಣಿಕೆ ಉಂಟು, ರಿಯಾಯಿತಿ ಇಲ್ಲ. ಹುಟ್ಟಿನಿಂದಲೇ ಬಲಗೈ ದುರ್ಬಲವಾಗಿದ್ದ ಹರಿಯಾಣದ ಮನೀಷ್ ನರ್ವಾಲ್ ಎಡಗೈಯಲ್ಲಿ ಪಿಸ್ತೂಲು ಹಿಡಿದರು. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಅವರಿಗೆ 19 ವರ್ಷ. 2024ರಲ್ಲಿ ಪ್ಯಾರಿಸ್‌ನಲ್ಲಿ ಬೆಳ್ಳಿಯನ್ನೂ ತಂದರು.

ಎಲ್ಲರೂ ಬಂದೂಕು ಕೊಳ್ಳಲಿ ಎಂಬುದು ನನ್ನ ವಾದವಲ್ಲ. ರಾತ್ರಿ ಬಸ್ಸು, ಬೀದಿದೀಪ, ದೂರು ಬರೆದುಕೊಳ್ಳುವ ಪೊಲೀಸ್ ಠಾಣೆ ಕೊಡುವ ಧೈರ್ಯವನ್ನು ರಿವಾಲ್ವರ್ ಕೊಡಲಾರದು. ನನ್ನ ತಕರಾರು ‘ಪಾಪ, ಅವರಿಗೆ ಹಗುರವಾದದ್ದು ಕೊಡಿ’ ಎಂಬ ಧೋರಣೆಯ ಬಗ್ಗೆ. ಉದ್ಯೋಗದಲ್ಲೂ ನಡೆಯುವುದು ಇದೇ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ಸರ್ಕಾರಿ ಹುದ್ದೆಗಳಲ್ಲಿ ಶೇ 4ರಷ್ಟು ಮೀಸಲಾತಿಯ ಜೊತೆಗೆ ಕೆಲಸದ ಸ್ಥಳದಲ್ಲಿ ಸೂಕ್ತ ಹೊಂದಾಣಿಕೆಯನ್ನೂ ಹೇಳುತ್ತದೆ. ಆದರೆ ಹಗುರ ಕೆಲಸ ಕೊಟ್ಟು ಮೂಲೆಯಲ್ಲಿ ಕೂರಿಸುವುದು ಹೊಂದಾಣಿಕೆಯಲ್ಲ. ಕೀಬೋರ್ಡ್, ಮೇಜು, ಯಂತ್ರದ ಹಿಡಿ ಯಾವುದು ಅಡ್ಡಿ ಎಂದು ಆ ಕೆಲಸಗಾರರನ್ನೇ ಕೇಳಿ ಸರಿಪಡಿಸಬೇಕು. ಮೊದಲು ಕೈಯ ಅಳತೆ ತೆಗೆದುಕೊಳ್ಳಿ, ಆಮೇಲೆ ಉಪಕರಣ ಮಾಡಿ.